ಹರಳೆಣ್ಣೆ ಕುಡಿದ ಕಾರು

ಆಗ ನನಗೆ ಹನ್ನೊಂದು ವರ್ಷ. ಐವತ್ತೆಂಟು ವರ್ಷದ ಹಿಂದಿನ ಮಾತು ಇದು. ಹೋದ ವಾರ ಪಕ್ಕದ ಮನೆಯವರು ಮಗುವಿನ ನೆತ್ತಿಗೆ ಬೇಕೆಂದು ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆದರು. ವಾಸನೆ ಗೋಡೆ ದಾಟಿ ಬಂತು. ಬೇರೆಯವರಿಗೆ ಆ ವಾಸನೆಗೆ ತಾಯಿಯ ಕೈ, ಹಂಡೆಯ ಬಿಸಿನೀರು ನೆನಪಾಗುತ್ತದಂತೆ. ನನಗೆ ನೆನಪಾಗುವುದು ಒಂದು ಕಾರಿನ ಇಂಜಿನ್ನು. ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಆದರೂ ವಾಸನೆ ಬಿಡಲಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆಯುವುದು ನಿಧಾನ. ಆದರೂ ಇದನ್ನು ಬರೆದಿಡುತ್ತೇನೆ, ಬಾಯಲ್ಲಿ ಹೇಳೋಣವೆಂದರೆ ಆಗ ಇದನ್ನು ಕೇಳಬೇಕಾಗಿದ್ದವರು ಈಗ ಯಾರೂ ಇಲ್ಲ.

ಪಣಕಹಳ್ಳಿಯಲ್ಲಿ ನಮ್ಮದು ಉದ್ದನೆಯ ಹೆಂಚಿನ ಮನೆ. ಅಜ್ಜಿ, ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ತಮ್ಮ ಮಾದೇವ ಚಿಕ್ಕಪ್ಪ. ಮನೆಯ ಪಕ್ಕಕ್ಕೆ ಗಾಡಿ ಕೊಟ್ಟಿಗೆ. ಎತ್ತು ಗಾಡಿ ಮಾರಿದ ವರ್ಷ ಅಪ್ಪ ಅದೇ ಕೊಟ್ಟಿಗೆಗೆ ಒಂದು ಹಳೇ ಕಪ್ಪು ಕಾರು ತಂದು ನಿಲ್ಲಿಸಿದ. ಮದುವೆಗೆ, ಹೆರಿಗೆಗೆ, ಸತ್ಯಮಂಗಲದ ಆಸ್ಪತ್ರೆಗೆ ಬಾಡಿಗೆ ಹೋಗುತ್ತಿತ್ತು. ಅಪ್ಪ ಯಜಮಾನ, ಓಡಿಸುವುದು ಬಾರದು. ಓಡಿಸುವುದು, ಕೆಟ್ಟರೆ ಬಿಚ್ಚಿ ಕಟ್ಟುವುದು ಎಲ್ಲ ಚಿಕ್ಕಪ್ಪ. ಅವನು ಘಾಟಿಯ ಕೆಳಗೆ ಸತ್ಯಮಂಗಲದ ಒಂದು ರಿಪೇರಿ ಶೆಡ್ಡಿನಲ್ಲಿ ಮೂರು ವರ್ಷ ಇದ್ದು ಕೈಕೆಲಸ ಕಲಿತು ಬಂದವನು. ಅವನ ಅಂಗಿಗೆ ಯಾವಾಗಲೂ ಸೀಮೆಎಣ್ಣೆ, ಗ್ರೀಸಿನ ವಾಸನೆ. ಊಟಕ್ಕೆ ಕೂತಾಗ ಅವ್ವ ಮೂಗು ಮುಚ್ಚಿಕೊಂಡೇ ಬಡಿಸುವಳು, ಅವನು ನಗುತ್ತ ಇನ್ನೊಂದು ಮುದ್ದೆ ಕೇಳುವನು. ಆ ಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಏನಾದರೂ ಹೇಳಿಕೊಟ್ಟವನು ಅವನೊಬ್ಬನೇ. ಸ್ಟೇರಿಂಗಿನ ಹಿಂದೆ ಒಂದು ದುಂಡನೆಯ ಗಾಜು, ಅದರೊಳಗೆ ಒಂದು ಮುಳ್ಳು. ಅದು ಇಂಜಿನ್ನಿನ ಎಣ್ಣೆಯ ಒತ್ತಡ ತೋರಿಸುವ ಮುಳ್ಳು. "ನೀರಿಲ್ದೆ ಇದು ಒಂದ್ ಮೈಲಿ ಓಡ್ದಾದು. ಎಣ್ಣ ಏರ್ನಿಲ್ಲ ಅಂದ್ರ ಒಂದ್ ತಿರುವೂ ಓಡಲ್ಲ ಕಣ ಕೂಸು," ಅನ್ನುತ್ತಿದ್ದ. ನಾನು ಮುಂದೆ ಕೂತಾಗಲೆಲ್ಲ ರಸ್ತೆ ಬಿಟ್ಟು ಮುಳ್ಳನ್ನೇ ನೋಡುತ್ತಿದ್ದೆ.

ಅಜ್ಜಿಗೆ ಆ ಕಾರು ಗಾಡಿಯೇ. ಎತ್ತು ಗಾಡಿ ಇದ್ದಾಗ ಅಮಾವಾಸ್ಯೆಯ ಬೆಳಗ್ಗೆ ಅಚ್ಚಿಗೆ ಹರಳೆಣ್ಣೆ ಸವರದೆ ಗಾಡಿ ಹೊರಗೆ ಹೋಗುತ್ತಿರಲಿಲ್ಲ. ಗಾಡಿ ಹೋದ ಮೇಲೂ ಅವಳ ಕೈ ಸುಮ್ಮನಿರಲಿಲ್ಲ. ಎತ್ತುಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನು ಅಟ್ಟದಿಂದ ಇಳಿಸಿ, ಅದರ ತುಂಬ ಹರಳೆಣ್ಣೆ ಹಿಡಿದು, ಪ್ರತಿ ಅಮಾವಾಸ್ಯೆ ಬೆಳಗ್ಗೆ ಗಂಡಸರು ಹೊಲದ ಕಡೆ ಹೋದಾಗ ಕೊಟ್ಟಿಗೆಗೆ ಬರುತ್ತಿದ್ದಳು. ಇಂಜಿನ್ನಿಗೆ ಎಣ್ಣೆ ಹುಯ್ಯುವ ಬಾಯಿ ಎಲ್ಲಿದೆ ಎಂದು ಚಿಕ್ಕಪ್ಪ ಹುಯ್ಯುವಾಗ ನೋಡಿಟ್ಟುಕೊಂಡಿದ್ದಳು. ಅದರ ಮುಚ್ಚಳ ತಿರುಚಲು ಅವಳ ಕೈಗೆ ಬಲವಿರಲಿಲ್ಲ. ತಿರುಚುವವಳು ನಾನು. "ಎತ್ತು ಬೇಕು ಅಂತ ಕೇಳ್ದಾದಾ? ಗೊಟ್ಟ ಇಟ್ರ ಕುಡ್ದಾದು. ಇದೂ ಅಂಗೇಯ," ಅಂದು, ಗೊಟ್ಟವನ್ನು ಓರೆ ಮಾಡಿ, ಎತ್ತಿನ ಗಂಟಲು ನೀವಿದ ಹಾಗೆ ತಗಡನ್ನು ನೀವುತ್ತಿದ್ದಳು. ಗಂಡಸರಿಗೆ ಗೊತ್ತಾದರೆ ನಗುತ್ತಾರೆ, ಬಾಯಿಬಿಡಬೇಡ ಎಂದು ಹೇಳಿದ್ದಳು. ಏಳೆಂಟು ಅಮಾವಾಸ್ಯೆ ಹೀಗೇ ಆಯಿತು.

ಆಮೇಲೆ ಸತ್ಯಮಂಗಲದಿಂದ ಬರುವಾಗ ದಿಂಬಂ ಘಾಟಿ ಹತ್ತುವಲ್ಲಿ ಮುಳ್ಳು ಬೀಳತೊಡಗಿತು. ಚಿಕ್ಕಪ್ಪ ಮೊದಲು ಅಳತೆ ಕಡ್ಡಿ ಎಳೆದು ನೋಡಿದ. ಎಣ್ಣೆ ಗೆರೆಗಿಂತ ಮೇಲೇ ಇತ್ತು. ಮುಳ್ಳೇ ಸುಳ್ಳು ಹೇಳುತ್ತಿರಬಹುದು ಎಂದು ತಾಳವಾಡಿಯ ಲಾರಿಯವರೊಬ್ಬರಿಂದ ಬೇರೆ ಮುಳ್ಳು ತಂದು ಕಟ್ಟಿದ. ಅದೂ ಅದನ್ನೇ ಹೇಳಿತು. ಹಳೇ ಎಣ್ಣೆ ಇಳಿಸಿ ಹೊಸದು ಹಾಕಿದ. ಹದಿನೈದು ದಿನ ಸರಿ ಇದ್ದು ಮತ್ತೆ ಬಿತ್ತು. ಒಮ್ಮೆ ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ಆಸ್ಪತ್ರೆಗೆ ಇಳಿಯುವಾಗಲೂ ಮುಳ್ಳು ಬಿದ್ದು, ಅರ್ಧ ಘಾಟಿಯಲ್ಲಿ ಇಂಜಿನ್ನು ಆರಿಸಿ, ಬರುತ್ತಿದ್ದ ಲಾರಿಗೆ ಅವಳನ್ನು ಹತ್ತಿಸಿದ. ಹೆಂಗಸು ಉಳಿದಳು. ಅಪ್ಪನ ಮಾನ ಉಳಿಯಲಿಲ್ಲವಂತೆ. "ಕಾರ್ ಓಡ್ಸಪ್ಪ ಅಂತ ಕೊಟ್ರ, ಕಾರಡೀಲಿ ಮಲಗಾವ್ನೇ ಆಗೋದ," ಎಂದು ಜಗಲಿಯಲ್ಲಿ ನಾಲ್ಕು ಜನರ ಮುಂದೆ ಆಡಿಕೊಂಡ. ಅವರು ನಕ್ಕ ಮೇಲೆ ನಗು ನಿಲ್ಲಿಸಿ ಚಿಕ್ಕಪ್ಪನಿಗೆ ಹೇಳಿದ: "ಇನ್ನೊಂದ್ಸಲ ಮುಳ್ಳು ಬಿದ್ರ, ಬೀಗದ ಕೈ ಇಟ್ಬುಟ್ಟು ಮನ ಬುಟ್ಟು ನಡಿಲಾ." ಹೊಲ, ಮನೆ ಎಲ್ಲ ಅಪ್ಪನ ಹೆಸರಿನಲ್ಲಿತ್ತು. ಚಿಕ್ಕಪ್ಪನಿಗೆ ಇದ್ದದ್ದು ಆ ಬೀಗದ ಕೈ, ಒಂದು ಚಾಪೆ, ಅಷ್ಟೇ.

ಮುಳ್ಳು ಬಿದ್ದೇ ಬಿತ್ತು, ಅಮಾವಾಸ್ಯೆಗೆ ಎರಡು ದಿನ ಇರುವಾಗ. ಮಾರನೆಯ ದಿನ ಅಪ್ಪ ತಾಳವಾಡಿಗೆ ಹೋದ ಹೊತ್ತು ನೋಡಿ ಚಿಕ್ಕಪ್ಪ ಕಾರಿನ ಕೆಳಗೆ ನುಗ್ಗಿದ. ನಟ್ಟುಗಳನ್ನು ಹಾಕಿಕೊಳ್ಳಲು ನಾನು ತೆಂಗಿನ ಕರಟ ಹಿಡಿದು ಕೂತೆ. ಅವನು ಕೆಳಗಿನಿಂದಲೇ ಹೇಳುತ್ತಿದ್ದ. ಬೇರಿಂಗು ಸವೆದಿದ್ದರೆ ಬಿಸಿಯಾಗಿ ನಿಧಾನಕ್ಕೆ ಓಡುವಾಗ ಮುಳ್ಳು ಬೀಳಬೇಕು, ಇದು ಜೋರಾಗಿ ಒತ್ತಿದಾಗ ಬೀಳುತ್ತದೆ, ಅಂದರೆ ಎಣ್ಣೆ ಹೀರುವ ಬಾಯಿ ಕಟ್ಟಿದೆ, ಹಾಲು ಕಟ್ಟಿದ ಮೊಲೆಗೆ ಕರು ಬಾಯಿ ಹಾಕಿದ ಹಾಗೆ. ಎಣ್ಣೆ ನಿಲ್ಲುವ ತಗಡಿನ ಚೇಂಬರ್ ಬಿಚ್ಚಿ ಇಳಿಸಿದಾಗ ಅವನು ಹೇಳಿದ್ದೇ ಸರಿಯಾಗಿತ್ತು. ಒಳಗಿನ ಜಾಲರಿಗೆ ಹಲಸಿನ ಮೇಣದಂಥ ಕಂದು ಅಂಟು ಬೆರಳು ದಪ್ಪ ಹತ್ತಿತ್ತು. ಅದನ್ನು ಕಡ್ಡಿಯ ತುದಿಗೆ ತೆಗೆದುಕೊಂಡು ಬೆಂಕಿ ಹಚ್ಚಿ ಮೂಗಿನ ಹತ್ತಿರ ಹಿಡಿದ. ನಮ್ಮ ದೇವರ ಗೂಡಿನ ಹರಳೆಣ್ಣೆ ದೀಪದ ವಾಸನೆ ಬಂತು. ಅವನು ನನ್ನ ಮುಖ ನೋಡಿದ. ನಾನು ಕರಟ ನೋಡಿದೆ.

"ಯಾರ್ ಉಯ್ದದ್ದು?"

"ಅಜ್ಜಿ. ಮುಚ್ಳ ನಾ ತೆಗ್ದಿ."

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಹೊರಗೆ ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದ ಸದ್ದು ಬರುತ್ತಿತ್ತು, ಅದನ್ನೇ ಸ್ವಲ್ಪ ಹೊತ್ತು ಕೇಳಿಸಿಕೊಂಡ. "ನಿಮ್ಮಜ್ಜಿಗ ಯೋಳ್ಬ್ಯಾಡ. ಮಕ್ಳ ಅನ್ನಕ್ಕ ನಾನೇ ಕಲ್ಲಾಕ್ದಿ ಅಂತ ಕೊರಗಿ ಸತ್ತೋಯ್ತಳ. ನೀ ಒಂದ್ ಮಾಡು. ಇನ್ಮ್ಯಾಲ ಆ ಮುಚ್ಳ ತೆಗೀಬ್ಯಾಡ. ಬಿಗ್ಯಾಗದ, ಬತ್ತಾ ಇಲ್ಲ ಅನ್ನು." ಅಷ್ಟು ಹೇಳಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದ. ಬೇರಿಂಗುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿ, ಇನ್ನೂ ಸವೆದಿಲ್ಲ ಎಂದ. ಎಲ್ಲ ಕಟ್ಟಿ, ಹೊಸ ಎಣ್ಣೆ ಹುಯ್ದು, ಇಂಜಿನ್ನು ಶುರು ಮಾಡಿದ. ಮುಳ್ಳು ನೆಟ್ಟಗೆ ನಿಂತಿತು. ಜೋರಾಗಿ ಒತ್ತಿದ, ಅಲುಗಲಿಲ್ಲ. ಆ ಇಂಜಿನ್ನು ಅಷ್ಟು ಮೆತ್ತಗೆ ಉಸಿರಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದ. ನಿಂತ ಮುಳ್ಳನ್ನು ನೋಡಲಿಲ್ಲ, ಚೇಂಬರಿನಿಂದ ತೆಗೆದಿಟ್ಟ ಅಂಟನ್ನು ನೋಡಿದ. "ಯಾವ ಲಾರೀದ್ಲಾ ಈ ಕೊಳಕೆಣ್ಣ? ಒಳ್ಳೇದ ಅವರ್ಗ ಕೊಟ್ಟು, ಇದ ನನ್ ಗಾಡೀಗ ಉಯ್ದಾ?" ಚಿಕ್ಕಪ್ಪ ಇಂಜಿನ್ನು ಆರಿಸಿ ಬೀಗದ ಕೈ ಎಳೆದುಕೊಂಡ. ಅಜ್ಜಿ ಮೊರ ಕೆಳಗಿಟ್ಟು ಬಂದು ನಿಂತಳು. ನಾನು ಕರಟ ಹಿಡಿದು ನಿಂತಿದ್ದೆ. ಬಾಯಿ ಬಿಡಬಹುದಿತ್ತು. ಅವನು ಬೇಡವೆಂದಿದ್ದ ಎಂದು ಸುಮ್ಮನಿದ್ದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅಪ್ಪನ ಕೈಗೆ ಹೆದರಿದ್ದೆ. ಚಿಕ್ಕಪ್ಪ ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು, ಚಾಪೆ ಸುತ್ತಿಕೊಂಡು, ಕೈಯನ್ನೂ ತೊಳೆಯದೆ ಸಂಜೆ ಬಸ್ಸಿಗೆ ನಡೆದ.

ಮತ್ತೆ ಅವನು ಬಂದದ್ದು ಅಜ್ಜಿ ಸತ್ತಾಗ. ಮಣ್ಣು ಹಾಕಿ, ನಮ್ಮ ಮನೆಯ ನೀರನ್ನೂ ಕುಡಿಯದೆ ಇಳಿದುಹೋದ. ಹಿರಿಮಗನೇ ಸರಿ, ಕಿರಿಯವನು ಕಳ್ಳ ಎಂದು ನಂಬಿಕೊಂಡೇ ಅಜ್ಜಿ ಸತ್ತಳು. ಕಾರು ಅದಕ್ಕೂ ಎಷ್ಟೋ ಮುಂಚೆ ಸತ್ತಿತ್ತು. ಹೊಸದಾಗಿ ಇಟ್ಟ ಡ್ರೈವರನಿಗೆ ಮುಳ್ಳು ನೋಡುವುದು ತಿಳಿಯದು, ದಿಂಬಂ ತಿರುವಿನಲ್ಲಿ ಇಂಜಿನ್ನು ಕಚ್ಚಿಕೊಂಡು ನಿಂತದ್ದು ಮತ್ತೆ ತಿರುಗಲಿಲ್ಲ. ಕೊಟ್ಟಿಗೆ ಬಿತ್ತು, ಮನೆ ಬಿತ್ತು, ಈಗ ಅಲ್ಲಿ ಬೇರೆಯವರು ಜೋಳದ ತೆನೆ ಒಣಹಾಕುತ್ತಾರೆ. ನಿಮಗೂ ಹಾಗೆ ಹೋದ ಮನೆಯೊಂದು ಇರಬಹುದು. ಕಾಲ ಕೆಡವಿತು ಎಂದು ನೀವು ಹೇಳಬಹುದು. ನನಗೆ ಹಾಗೆ ಹೇಳಲು ಬರುವುದಿಲ್ಲ.

ಚಿಕ್ಕಪ್ಪ ಹೋದ ಮಾರನೆಯ ಬೆಳಗ್ಗೆ ಅಮಾವಾಸ್ಯೆ. ಅಪ್ಪ ಹೊಲಕ್ಕೆ ಹೋದ ಮೇಲೆ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತ ಗೊಟ್ಟ ಹಿಡಿದು ಬಂದಳು. ಮಗ ಕೊಳಕೆಣ್ಣೆ ಕುಡಿಸಿದ ಗಾಡಿಗೆ ತಾನಾದರೂ ಒಳ್ಳೆಯದು ಕುಡಿಸಬೇಕೆಂದಳು. ನಾನು ಮುಚ್ಚಳ ಬಿಗಿಯಾಗಿದೆ ಎನ್ನಲಿಲ್ಲ. ಅದು ಈಗ ಅಪ್ಪನೊಬ್ಬನ ಕಾರು, ಏನಾಗುತ್ತದೆಂದು ಗೊತ್ತಿದ್ದೇ ತಿರುಚಿ ತೆಗೆದೆ. ಗೊಟ್ಟ ಬರಿದಾಗುವವರೆಗೂ ನಿಂತು ನೋಡಿ, "ಇನ್ನೊಂದ್ ಗೊಟ್ಟ ಉಯ್ಯಿ ಅಜ್ಜಿ," ಅಂದೆ.