ಡಬ್ಬಿ ಮರಳಿಸುವಷ್ಟು ದೂರ

ಬೆಳಿಗ್ಗೆ ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ಮೊಸರಿನ ಖಾಲಿ ಪ್ಲಾಸ್ಟಿಕ್ ಡಬ್ಬ ಹುಡುಕುತ್ತಿದ್ದಾಗ ಒಂದು ಸ್ಟೀಲ್ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಶೇಂಗಾ ಚಟ್ನಿಪುಡಿಯ ವಾಸನೆ. ಎಷ್ಟು ತಿಕ್ಕಿದರೂ ಬೆಳ್ಳುಳ್ಳಿ ಹಟ ಬಿಡುವುದಿಲ್ಲ ನೋಡಿ. ಮೈಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು: ‘ಪಾರ್ವತಿ, ಹುಬ್ಬಳ್ಳಿ’. ನನ್ನ ಹೆಂಡತಿಯ ಹೆಸರು ಸುಮಾ, ಊರು ಮೈಸೂರು. ಅಂದರೆ ಡಬ್ಬಿ ನಮ್ಮದಲ್ಲ. ಆದರೆ ನಾವು ಡಾಲಸ್‌ನವರಾದದ್ದು ಇದರಿಂದಲೇ.

ಕೆಲವು ವರ್ಷಗಳ ಹಿಂದೆ ನಾವು ಉತ್ತರದ ಒಂದು ಹಿಮದ ಊರಿನಲ್ಲಿದ್ದೆವು. ಅದಕ್ಕೂ ಮೊದಲು ಇನ್ನೊಂದರಲ್ಲಿ, ಅದಕ್ಕೂ ಮೊದಲು ಮತ್ತೊಂದರಲ್ಲಿ. ಕೆಲಸ ಹೋಗುವುದಕ್ಕೆ ಮೊದಲೇ, ಹೋದರೇನು ಗತಿ ಎಂದು ಹೆದರಿ ಊರು ಬಿಡುವುದು ನನ್ನ ಪದ್ಧತಿ. ಆ ಕೊನೆಯ ಮನೆಯಲ್ಲಿ ಸುಮಾ ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ. ದೇವರ ಪಟ, ಕುಕ್ಕರು, ಒಂದಷ್ಟು ತಟ್ಟೆ ಹೊರಬಂದವು. ಉಳಿದದ್ದೆಲ್ಲ ಗ್ಯಾರೇಜಿನಲ್ಲಿ ಮುನಿಸಿಕೊಂಡು ಕೂತಿತ್ತು. ಟೆಕ್ಸಸ್‌ನ ಮೂರು ಊರುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ ಎಂದು ಕಚೇರಿಯವರು ಹೇಳಿದಾಗ ಅವಳು ಜಗಳವಾಡಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ.

“ಹೋಗೋಣ ರೀ. ಆದ್ರೆ ಪೆಟ್ಟಿಗೆ ಬಿಚ್ಚೋಣ ಅನ್ಸೋ ಊರು ಬೇಕು. ಇಲ್ದಿದ್ರೆ ನಾನು ಟೇಪೂ ಕೀಳಲ್ಲ, ಹೇಳಿದೀನಿ.”

ಊರು ನೋಡುವುದೂ ಹೆಣ್ಣು ನೋಡುವ ಶಾಸ್ತ್ರದ ಹಾಗೇ. ಪರಿಚಯದವರ ಪರಿಚಯದವರು ಉಪ್ಪಿಟ್ಟು, ಕೇಸರಿಬಾತು ಮುಂದಿಟ್ಟು ಊರಿನ ಗುಣಗಾನ ಮಾಡುತ್ತಾರೆ. ಐಬು ಹುಡುಕುವ ಸೋದರಮಾವನ ಪಾತ್ರ ನನ್ನದು. ಹ್ಯೂಸ್ಟನ್‌ನಲ್ಲಿ ದೋಸೆಹಿಟ್ಟು ತಾನಾಗಿಯೇ ಉಬ್ಬುತ್ತದೆ ಎಂದು ಆ ಮನೆಯವರು ಹೆಮ್ಮೆಪಡುತ್ತಿದ್ದರೆ, ನಾನು ನೆರೆ ಬಂದರೆ ನೀರು ಎಲ್ಲಿಯವರೆಗೆ ಏರೀತು ಎಂದು ಅವರ ಗೋಡೆಯನ್ನು ಅಳೆಯುತ್ತಿದ್ದೆ. ಆಸ್ಟಿನ್‌ನಲ್ಲಿ ಗುಡ್ಡ, ಕೆರೆ ಎಲ್ಲ ತೋರಿಸಿದರು. ಅಲ್ಲಿನ ಸೀಡರ್ ಮರಗಳ ಪರಾಗ ಅಲರ್ಜಿ ತರುತ್ತದೆಂದು ಓದಿಕೊಂಡಿದ್ದ ನಾನು, ಅದರ ಕಾಲವಲ್ಲದಿದ್ದರೂ, ಮುಂಗಡವಾಗಿ ಸೀನಿದೆ.

“ಇವ್ರು ಸ್ವರ್ಗಕ್ಕೆ ಹೋದ್ರೂ ಡ್ರೈನೇಜ್ ಎಲ್ಲಿದೆ ಅಂತಾನೇ ಕೇಳೋದು,” ಎಂದು ಸುಮಾ ಅವರಿಗೆ ವಿವರಿಸಿದಳು.

ಎರಡೂ ಮನೆಯವರು ಒಳ್ಳೆಯವರು. ಹೊರಡುವಾಗ ದಾರಿಗೆಂದು ಮೊಸರಿನ ಡಬ್ಬದಲ್ಲಿ ತಿಂಡಿ ತುಂಬಿಕೊಟ್ಟು, “ತಿಂದು ಡಬ್ಬ ಎಸೆದ್ಬಿಡಿ,” ಎಂದರು.

ಕೊನೆಗೆ ಡಾಲಸ್. ಅದರ ಉಪನಗರ ಕ್ಯಾರಲ್ಟನ್‌ನಲ್ಲಿ ಪಾರ್ವತಿ ಆಂಟಿಯ ಮನೆ. ಉಪ್ಪಿಟ್ಟಿಲ್ಲ, ಗುಣಗಾನವೂ ಇಲ್ಲ. ಒಗ್ಗರಣೆ ಹಾಕಿದ ಚುರುಮುರಿ ಮತ್ತು ಚಹಾ. ಪಕ್ಕದ ಮನೆಯ ಮಾಡಿನ ಮೇಲೆ ಕೆಲಸದವರು ಮೊಳೆ ಹೊಡೆಯುತ್ತಿದ್ದರು. ಇಲ್ಲಿ ಆಲಿಕಲ್ಲು ಜಾಸ್ತಿಯಂತೆ ಹೌದೇ, ಎಂದು ನಾನು ವಿಚಾರಣೆ ಶುರುಮಾಡಿದೆ.

“ಬೀಳ್ತಾವ್ರಿ, ಬೀಳದ ಏನು! ನಮ್ಮ ರೂಫೂ ಹೊಸಾದು ಹಾಕ್ಸೇವಿ. ಬ್ಯಾಸಗಿ ಅಂದ್ರ ಬೆಂಕಿ. ಸುಳ್ಳು ಯಾಕ ಹೇಳ್ಲಿ?”

“ಮತ್ತೆ ಆಲಿಕಲ್ಲು ಬಿದ್ದಾಗ ಏನು ಮಾಡ್ತೀರಿ?”

“ಏನ್ ಮಾಡೂದ್ರಿ? ಕೆಳಗ ಕುಂತು ಚಾ ಕುಡೀತೀವಿ. ನೀವೇನು ಮ್ಯಾಲ ಹತ್ತಿ ಹಿಡಿಯವ್ರೇನು?”

ಸುಮಾ ಗೊಳ್ಳೆಂದು ನಕ್ಕಳು. ನಾನು ಬೆಚ್ಚಿಬಿದ್ದೆ. ಆ ನಗುವನ್ನೂ ಯಾವುದೋ ಪೆಟ್ಟಿಗೆಯಲ್ಲಿ ಹಾಕಿ ಮರೆತಿದ್ದೆವು.

ಹೊರಡುವಾಗ ಆಂಟಿ ಚಟ್ನಿಪುಡಿ ತುಂಬಿದ ಈ ಡಬ್ಬಿ ತಂದರು. “ಅಯ್ಯೋ ಆಂಟಿ, ಸ್ಟೀಲ್‌ದು ಬೇಡ,” ಎಂದಳು ಸುಮಾ. “ನಾವು ಯಾವೂರಿಗೆ ಬರ್ತೀವೋ ಏನೋ. ಪ್ಲಾಸ್ಟಿಕ್ ಇದ್ರೆ ಕೊಡಿ.”

“ಪ್ಲಾಸ್ಟಿಕ್ ಅದಾವ. ಕೊಡಂಗಿಲ್ಲ. ನಮ್ಮವ್ವ ಕೊಟ್ಟ ಡಬ್ಬಿ ಐತಿ ಇದು, ತಿರುಗಿ ತಂದು ಕೊಡ್ರಿ. ಖಾಲಿ ತರಬ್ಯಾಡ್ರಿ ಮತ್ತ.”

ಕಾರಿನಲ್ಲಿ ನಾನು ಮೂರೂ ಊರುಗಳನ್ನು ತೂಗುತ್ತಿದ್ದೆ. ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು: “ಆಸ್ಟಿನ್‌ನಲ್ಲಿದ್ರೆ ಇದನ್ನ ತುಂಬಿಸಿ ಕೊಡೋಕೆ ಹೇಗೆ ಬರೋದು?”

“ಕೊರಿಯರ್ ಮಾಡಬಹುದಲ್ಲ.”

ಅವಳು ನನ್ನತ್ತ ತಿರುಗಿ ನೋಡಿದ ರೀತಿಯಲ್ಲೇ ಊರು ನಿಶ್ಚಯವಾಯಿತು.

ಡಾಲಸ್‌ನದೇ ಇನ್ನೊಂದು ಉಪನಗರವಾದ ಮೆಕಿನ್ನಿಯ ಮನೆಗೆ ಬಂದ ವಾರವೇ ಅವಳು ಡಬ್ಬಿಗೆ ತುಂಬಲು ಮೈಸೂರುಪಾಕು ಮಾಡಹೊರಟಳು. ದಪ್ಪ ತಳದ ಬಾಣಲೆ ಯಾವ ಪೆಟ್ಟಿಗೆಯಲ್ಲಿದೆಯೆಂದು ನೆನಪಿರಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಬಿಚ್ಚಬೇಕಾಯಿತು. ಅಂದಿನಿಂದ ಈ ಡಬ್ಬಿ ಕ್ಯಾರಲ್ಟನ್‌ಗೂ ಮೆಕಿನ್ನಿಗೂ ಓಡಾಡುತ್ತಲೇ ಇದೆ, ತುಂಬಿಕೊಂಡು.

ಈಗ ನಾನು ಪ್ಲಾಸ್ಟಿಕ್ ಡಬ್ಬ ಹುಡುಕುತ್ತಿದ್ದ ಕಾರಣ ಹೇಳಬೇಕು. ಇವತ್ತು ಊರು ನೋಡಲು ಒಂದು ಹೊಸ ಜೋಡಿ ನಮ್ಮ ಮನೆಗೆ ಬರುತ್ತಿದೆ. ಆ ಹುಡುಗ ಫೋನಿನಲ್ಲೇ ಆಲಿಕಲ್ಲಿನ ಗಾತ್ರ ಕೇಳಿದ್ದಾನೆ, ನನ್ನ ಜಾತಿಯವನೇ. ಹುಡುಗಿ ಮಾತೇ ಆಡಲಿಲ್ಲವಂತೆ.

ಪ್ಲಾಸ್ಟಿಕ್ ಡಬ್ಬ ಸಿಕ್ಕಿತು. ಅದನ್ನು ಅಲ್ಲೇ ಹಿಂದಕ್ಕೆ ತಳ್ಳಿ, ‘ಸುಮಾ, ಮೈಸೂರು’ ಎಂದು ಕೊರೆದದ್ದನ್ನು ಹೊರತೆಗೆದೆ.

“ರೀ, ಅದು ನಮ್ಮಮ್ಮ ಮದುವೇಲಿ ಕೊಟ್ಟಿದ್ದು! ಅವರಿಬ್ರೂ ಹ್ಯೂಸ್ಟನ್‌ಗೆ ಹೋಗ್ಬಿಟ್ರೆ?”

“ಹೋಗಲ್ಲ ಬಿಡೇ,” ಎಂದೆ.

ನಾನೇ ಅಂದದ್ದು, ಹೌದು. ಸುಮಾ ನನ್ನ ಹಣೆ ಮುಟ್ಟಿ ನೋಡಿ, ಡಬ್ಬಿಗೆ ಕೋಡುಬಳೆ ತುಂಬಿಸಿದಳು. ಮುಚ್ಚಳ ಬಿಗಿಯಾಗಿದೆಯೇ ಎಂದು ನಾನು ಒತ್ತಿ ನೋಡಿದೆ, ಮತ್ತೊಮ್ಮೆಯೂ ಒತ್ತಿದೆ. ಅಷ್ಟು ಚಿಂತೆಯಾದರೂ ಉಳಿಯದಿದ್ದರೆ ಮನುಷ್ಯ ಬದುಕುವುದು ಹೇಗೆ, ನೀವೇ ಹೇಳಿ.