ಎರಡು ದೇವರ ಕಾವಲು

ದೀಪ ಹಚ್ಚುವ ಹೊತ್ತು. ಮಗಳನ್ನು ಮಣ್ಣು ಮಾಡಿ ಎರಡು ದಿನವಾಯಿತು. ಇಂದೂ ನಾನು ಮಗ್ಗಕ್ಕೆ ಕೂರಲಿಲ್ಲ. ಪಕ್ಕದ ಮನೆಯ ಮುದುಕಿ ಹುಸೇನಬಿ ಬಂದು ಲೋಬಾನ ಹಾಕಿದಳು.

ಆ ವಾಸನೆಗೆ ನನ್ನ ಬಾಲ್ಯದ ಜ್ವರ ನೆನಪಾಯಿತು. ಗಜೇಂದ್ರಗಡದ ಇದೇ ಓಣಿಯಲ್ಲಿ ಅವ್ವ ನನ್ನ ಹಣೆಗೆ ವಿಭೂತಿ ಬಳಿದು, ಲೋಬಾನದ ಹೊಗೆ ಹಿಡಿದು, ಕೊರಳಿಗೆ ಮೊಹರಮ್ಮಿನ ಹರಕೆಯ ಕೆಂಪು ದಾರ, ಲಾಡಿಯನ್ನೂ ಕಟ್ಟಿದ್ದಳು. ಮಠದ ಅಯ್ಯನವರು ನಕ್ಕರು.

"ಏನವ್ವಾ, ಒಂದ ಕೂಸಿಗೆ ಎರಡು ದೇವರ ಕಾವಲು?"

"ಒಬ್ಬಾಂವಗ ನಿದ್ದಿ ಹತ್ತಿದ್ರ ಇನ್ನೊಬ್ಬಾಂವ ಎಚ್ಚರ ಇರ್ತಾನ್ರೀ ಅಯ್ಯಾರ."

ನಾನು ಉಳಿದೆ. ಮಗಳ ಜ್ವರಕ್ಕೂ ಹಾಗೆಯೇ ಎರಡನ್ನೂ ಮಾಡಿದೆ. ಅವಳು ಉಳಿಯಲಿಲ್ಲ.

"ಇಬ್ಬರೂ ಮಲಗಿದ್ರೇನು?" ಎಂದು ಹುಸೇನಬಿಯನ್ನು ಕೇಳಿದೆ.

"ನನಗೇನ ತಿಳೀತದಪಾ," ಎಂದು ಕಣ್ಣೊರೆಸಿಕೊಂಡಳು. "ನಾನೂ ಭಾಳ ಬೇಡಿಕೊಂಡಿದ್ದೆ."

 

ನಾಳೆ ಮುಂಜಾನೆ ಮಗಳ ಸಮಾಧಿಗೆ ಹಾಲು ಎರೆಯಲು ಮಠದ ಅಯ್ಯನವರ ಜೊತೆ ಹುಸೇನಬಿಯೂ ಬರುತ್ತಾಳೆ.