ನಾನು ಸೈನ್ ಹಾಕಿದ ಹಗ್ಗ

"ಅಣ್ಣಾ, ನನ್ ಕಾಲು ಮೇಲೇ ಐತೆ. ಕೆಳಗಿಳಿಸು."

ನನ್ನ ತಂಗಿ ಮಂಗಳ ಗೋಡೆಯಿಂದ ಬಿದ್ದ ಮೇಲೆ ಆಡಿದ ಮೊದಲ ಮಾತು ಇದು. ಅವಳು ಅಂಗಾತ ಬಿದ್ದಿದ್ದಳು. ಎರಡೂ ಕಾಲು ಕಲ್ಲುಹಾಸಿನ ಮೇಲೆ ನೆಟ್ಟಗೆ ಚಾಚಿದ್ದವು. ನಾನು ಅವನ್ನೇ ಹಿಡಿದುಕೊಂಡು ಕೂತಿದ್ದೆ. ಅವಳಿಗೆ ಮಾತ್ರ ಬಲಗಾಲು ಇನ್ನೂ ಗೋಡೆಯ ಮರದ ತುಂಡಿನ ಮೇಲೆಯೇ ಇದೆ ಎನ್ನಿಸುತ್ತಿತ್ತು.

"ಇಳಿಸಿದೀನಿ" ಅಂದೆ.

"ಸುಳ್ಳು ಏಳ್ಬೇಡ."

ಅವತ್ತು ನಾನು ಆಡಿದ ಮಾತುಗಳಲ್ಲಿ ಸುಳ್ಳಲ್ಲದ್ದು ಅದೊಂದೇ.

ಕೆಜಿಎಫ್‌ನ ಊರಿಗಾಂ ಕಡೆ, ಚಿನ್ನದ ಗಣಿ ಕಂಪನಿ ಉಪಯೋಗಿಸದೆ ಬಿಟ್ಟಿದ್ದ ಒಂದು ಹಳೆಯ ಇಂಜಿನ್ ಶೆಡ್ ಇತ್ತು. ಮಿಲಿಟರಿಯಿಂದ ನಿವೃತ್ತರಾದ ಸೆಲ್ವಂ ಮೇಷ್ಟ್ರು ಅದರೊಳಗೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದರು. ಗೋಡೆಗೆ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಮೇಲಿನ ಕಬ್ಬಿಣದ ತೊಲೆಗೆ ರಾಟೆ, ರಾಟೆಯ ಮೇಲೆ ಹಗ್ಗ. ಹಗ್ಗದ ಒಂದು ತುದಿ ಹತ್ತುವವರ ಸೊಂಟಕ್ಕೆ, ಇನ್ನೊಂದು ತುದಿ ಕೆಳಗೆ ನಿಂತವರ ಕೈಗೆ. ಹತ್ತುವವರು ಜಾರಿದರೆ ಕೆಳಗಿನವರು ಹಿಡಿದುಕೊಳ್ಳಬೇಕು. ಬಿಸಿಲಾಗಲಿ ಮಳೆಯಾಗಲಿ, ಭಾನುವಾರ ಅಲ್ಲಿ ಅಭ್ಯಾಸ. ಮಂಗಳ ಬಂಗಾರಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು. ಮೊದಲು ತಾನೊಬ್ಬಳೇ ಹೋಗುತ್ತಿದ್ದಳು. ಆಮೇಲೆ ಎಂಟು ಜನ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಳು.

ನಾನು ಏಳನೇ ಕ್ಲಾಸು ಫೇಲು. ಗಣಿಯ ಲ್ಯಾಂಪ್ ರೂಮಿನಲ್ಲಿ ಕೆಲಸ. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ಹಿತ್ತಾಳೆ ಟೋಕನ್ ಕೊಟ್ಟು, ತಲೆಗೆ ಕಟ್ಟುವ ದೀಪ ತೆಗೆದುಕೊಂಡು ಹೋಗುತ್ತಾನೆ. ಷಿಫ್ಟ್ ಮುಗಿದ ಮೇಲೂ ಬೋರ್ಡಿನಲ್ಲಿ ಟೋಕನ್ ನೇತಾಡುತ್ತಿದ್ದರೆ ಮನುಷ್ಯ ಇನ್ನೂ ಭೂಮಿಯೊಳಗೆ ಇದ್ದಾನೆ ಎಂದರ್ಥ. ಹನ್ನೊಂದು ವರ್ಷ ನನ್ನ ಕೈಯಿಂದ ಒಂದೇ ಒಂದು ಕೆಟ್ಟ ದೀಪ ಕೆಳಗೆ ಹೋಗಿರಲಿಲ್ಲ. ಅದಕ್ಕೇ ಸೆಲ್ವಂ ಮೇಷ್ಟ್ರು ಹಗ್ಗದ ಜವಾಬ್ದಾರಿಯನ್ನು ನನಗೆ ಕೊಟ್ಟರು.

"ದೀಪ ನೋಡೋ ಕೈ ತಂಬಿ ನಿಂದು. ನಂಬ್ತೀನಿ" ಅಂದಿದ್ದರು.

ಅವರ ನಿಯಮ ಸರಳ. ಮೊದಲ ಮಗು ಗೋಡೆ ಮುಟ್ಟುವ ಮುಂಚೆ ಇಡೀ ಹಗ್ಗವನ್ನು ಮೊಳ ಮೊಳ ಬೆರಳಲ್ಲಿ ಹಾಯಿಸಿ ನೋಡಬೇಕು. ಆಮೇಲೆ ಇಬ್ಬರು ಗಂಡಸರು ಅದಕ್ಕೆ ಜೋತು ಬೀಳಬೇಕು. ಆಮೇಲೆ ನೋಟ್‌ಬುಕ್ಕಿನಲ್ಲಿ ಸೈನ್.

ಶೆಡ್ಡಿನಲ್ಲಿ ಇಲಿಗಳಿದ್ದವು. "ಹಗ್ಗ ನಿನ್ ಮನೇಲಿ ಇಟ್ಕೋ" ಎಂದಿದ್ದರು ಮೇಷ್ಟ್ರು. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಪ್ರತಿವಾರ ರೈಲಿನಲ್ಲಿ ಹೊರುವುದೇಕೆ ಎಂದು ನಾನು ಅದನ್ನು ಲ್ಯಾಂಪ್ ರೂಮಿನಲ್ಲಿ, ದೀಪದ ಬ್ಯಾಟರಿಗಳನ್ನು ಚಾರ್ಜಿಗೆ ಇಡುವ ರ‍್ಯಾಕಿನ ಕೆಳಗೆ ಇಟ್ಟೆ. ಬೆಚ್ಚಗಿನ ಜಾಗ, ಒಣ ಜಾಗ, ಬೀಗ ಇರುವ ಜಾಗ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಭದ್ರವಾದ ಜಾಗ ಇಡೀ ಕೆಜಿಎಫ್‌ನಲ್ಲಿ ಇರಲಿಲ್ಲ.

ಆ ಬ್ಯಾಟರಿಗಳೊಳಗೆ ಇರುವುದು ಆಸಿಡ್.

ನನಗೆ ಗೊತ್ತಿರಲಿಲ್ಲವೇ? ನನ್ನ ಖಾಕಿ ಚಡ್ಡಿಯ ತುಂಬಾ ಆಸಿಡ್ ತಿಂದ ತೂತುಗಳು. "ಚಡ್ಡಿ ಒಗ್ಯಕ್ ಆಕಿದೀಯೋ, ಇಟ್ಟು ಜರಡಿ ಇಡ್ಯಕ್ಕೋ?" ಎಂದು ಅಮ್ಮ ಪ್ರತಿವಾರ ಬೈಯುತ್ತಿದ್ದಳು. ಹತ್ತಿಯನ್ನು ತಿನ್ನುತ್ತದೆ ಎಂದು ಗೊತ್ತಿತ್ತು. ಹಗ್ಗ ನೈಲಾನಿನದು. ನೀರಿಗೆ ಕೊಳೆಯದ, ಗೆದ್ದಲು ಮುಟ್ಟದ ನೈಲಾನಿಗೆ ಏನಾದೀತು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಅವಳು ಬೀಳುವ ಹಿಂದಿನ ಭಾನುವಾರ ಹಗ್ಗದ ತುದಿಯ ಹತ್ತಿರ ಗೇಣುದ್ದ ಕಂದು ಕಲೆ ಕಂಡೆ. ಮುಟ್ಟಿದರೆ ಅಲ್ಲಿ ಗಡುಸು. ಹೆಬ್ಬೆರಳಲ್ಲಿ ಉಜ್ಜಿದಾಗ ಹಿಟ್ಟಿನಂಥದ್ದೇನೋ ಉದುರಿತು. ಹೇಳಿದರೆ, ಎಲ್ಲಿಟ್ಟಿದ್ದೆ ಎಂದು ಮೇಷ್ಟ್ರು ಕೇಳುತ್ತಾರೆ. ಅವರ ಮಾತು ಮೀರಿದ್ದು ಗೊತ್ತಾಗುತ್ತದೆ. ಕಲೆ ಒಳಗೆ ಹೋಗುವಂತೆ ಹಗ್ಗವನ್ನು ಸುತ್ತಿ ಇಟ್ಟೆ.

ಕಂಡಿದ್ದೆ. ಇದನ್ನು ಓದುವವರು ಈ ಒಂದು ಮಾತನ್ನು ದಾಟಿ ಹೋಗಬೇಡಿ.

ಅವಳು ಬಿದ್ದ ಭಾನುವಾರ ಬಂಗಾರಪೇಟೆಯ ರೈಲು ತಡವಾಯಿತು. ನಾನು ಲ್ಯಾಂಪ್ ರೂಮಿಗೆ ಓಡಿ ಹಗ್ಗ ತಂದಾಗ ಹುಡುಗಿಯರು ಸಾಲಾಗಿ ನಿಂತಿದ್ದರು. ಮೇಷ್ಟ್ರು ಶೆಡ್ಡಿನ ಆ ತುದಿಯಲ್ಲಿ ಗಂಡುಮಕ್ಕಳಿಗೆ ಕಸರತ್ತು ಮಾಡಿಸುತ್ತಿದ್ದರು. ನಾನು ಹಗ್ಗ ಬಿಚ್ಚಿ ಒಂದೆರಡು ಮೊಳ ಹಾಯಿಸುವಷ್ಟರಲ್ಲಿ ಮಂಗಳ ಕೂಗಿದಳು.

"ಏನಣ್ಣಾ, ಅಗ್ಗ ನೋಡ್ತಿದೀಯೋ, ಎಣ್ಣು ನೋಡಕ್ ಬಂದಿದೀಯೋ? ಉಪ್ಪಿಟ್ಟು ಕೊಡಾಣಾ?"

ಹುಡುಗಿಯರೆಲ್ಲ ನಕ್ಕರು. ನನಗೂ ನಗು ಬಂತು. ನೋಟ್‌ಬುಕ್ಕಿನಲ್ಲಿ ಸೈನ್ ಹಾಕಿದೆ. ಜೋತು ಬೀಳಲಿಲ್ಲ.

ಅವಳು ಸೊಂಟಕ್ಕೆ ಗಂಟು ಹಾಕಿಕೊಂಡು ಹತ್ತಿದಳು. ಹಗ್ಗ ನನ್ನ ಕೈಯಲ್ಲಿತ್ತು. ತುದಿಯ ತೊಲೆ ಮುಟ್ಟಲು ಎರಡು ತುಂಡು ಉಳಿದಿರುವಾಗ ಕಾಲು ಜಾರಿತು. ಜಾರುವುದು ದೊಡ್ಡದಲ್ಲ, ದಿನವೂ ಜಾರುತ್ತಾರೆ. ನಾನು ಹಗ್ಗ ಬಿಗಿಹಿಡಿದೆ. ಹಳೆಯ ಬಟ್ಟೆ ಹರಿದ ಹಾಗೆ ಒಂದು ಸದ್ದು. ನನ್ನ ಕೈಯಲ್ಲಿ ಭಾರವೇ ಇರಲಿಲ್ಲ.

ಓಡಿಹೋಗಿ ಅವಳ ಪಕ್ಕ ಕೂತೆ. ಕಾಲಿನ ಮಾತು ಆಡಿ ಅವಳು ಕಣ್ಣು ಮುಚ್ಚಿದಳು. ಹುಡುಗಿಯರೆಲ್ಲ ಮೇಷ್ಟ್ರನ್ನು ಕರೆಯಲು ಶೆಡ್ಡಿನ ಆ ತುದಿಗೆ ಓಡಿದ್ದರು. ಸೊಂಟದಲ್ಲಿ ಮೊಳದುದ್ದ ಹಗ್ಗ ಉಳಿದಿತ್ತು. ಗಂಟು ಕಲ್ಲಿನ ಹಾಗೆ ಇತ್ತು. ಬಿಚ್ಚಲು ಎರಡೂ ಹೆಬ್ಬೆರಳು ಬೇಕಾದವು. ಆ ತುಂಡನ್ನು ನನ್ನ ಊಟದ ಚೀಲಕ್ಕೆ ತುರುಕಿದೆ.

ಮೇಷ್ಟ್ರು ಓಡಿ ಬಂದರು. "ಐಯೋ, ಎನ್ನ ಆಚು ತಂಬಿ? ಗಂಟು ಬಿಚ್ಕೊಂತಾ?"

ಹೂಂ ಅಂದೆ.

ಮೊದಲು ಕಂಪನಿ ಆಸ್ಪತ್ರೆ, ಎಕ್ಸ್-ರೇ. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಬೆನ್ನಿನ ಎಲ್-ಒನ್ ಮೂಳೆ ಪುಡಿಯಾಗಿದೆ. ಸ್ಪೈನಲ್ ಕಾರ್ಡ್ ಮೇಲೆ ಒತ್ತಡ ಬಿದ್ದಿದೆ."

"ನಡೀತಾಳಾ ಸಾರ್?"

"ಆ ಪ್ರಶ್ನೆ ಈಗ ಬೇಡ. ಬೆಡ್ ಸೋರ್ ಆಗದ ಹಾಗೆ ನೋಡ್ಕೊಳ್ಳಿ. ಎರಡು ಗಂಟೆಗೊಮ್ಮೆ ತಿರುಗಿಸಬೇಕು."

ಎರಡು ಗಂಟೆಗೊಮ್ಮೆ ತಿರುಗಿಸಿದೆವು. ಭುಜ, ಸೊಂಟ, ಮೊಣಕಾಲು ಒಟ್ಟಿಗೇ, ದಿಮ್ಮಿ ಹೊರಳಿಸಿದ ಹಾಗೆ. ಹಾಗಿದ್ದೂ ಬೆನ್ನ ಕೆಳಗೆ ಹುಣ್ಣಾಯಿತು. ಹಳ್ಳಿಗೆ ಕರೆತಂದ ಮೇಲೆ ನಮ್ಮ ಮನೆಯ ದಿನವೆಲ್ಲ ಅವಳ ಮಂಚದ ಸುತ್ತ ತಿರುಗತೊಡಗಿತು. ಬೆಳಿಗ್ಗೆ ಹಸು ಕರೆದು ಹಾಲು ಡೈರಿಗೆ ಹಾಕಿ ಬಂದು, ಕೈ ಸೋಪಿನಲ್ಲಿ ತೊಳೆದು, ಕ್ಯಾಥೆಟರಿನ ಮೂತ್ರದ ಚೀಲ ಖಾಲಿ ಮಾಡುತ್ತಿದ್ದೆ. ಅಮ್ಮ ಡ್ರೆಸಿಂಗ್ ಮಾಡುವಳು. ಮೊದಮೊದಲು ಮಂಗಳ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಕ್ರಮೇಣ ಅವಳೇ ಹುಕುಂ ಕೊಡತೊಡಗಿದಳು. "ಅಣ್ಣಾ, ಚೀಲ ತುಂಬೈತೆ. ಡೈರಿಗೆ ಇದನ್ನೇ ಆಕ್ಬುಟ್ಟೀಯಾ, ಉಷಾರು" ಅನ್ನುವಳು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು, ನಗುತ್ತಲೇ ಅಳುವಳು.

ನೋಡಲು ಬಂದವರು ಬಾಳೆಹಣ್ಣಿನ ಜೊತೆ ಮಾತನ್ನೂ ತರುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಅಜ್ಜಿ, "ಎಣ್ಣುಮಗ ಗೋಡೆ ಅತ್ತಬೋದಾ ತಾಯಿ? ಎಲ್ಲಾ ಅಣೆಬರ" ಅಂದಳು.

"ಅಜ್ಜಿ, ನೀನು ಉಣಸೆ ಮರ ಅತ್ತಿ ಕಾಯಿ ಉದುರಿಸ್ತಿದ್ದಾಗ ನಿನ್ ಅಣೆಬರ ಎಲ್ಲೋಗಿತ್ತು?" ಎಂದಳು ಮಂಗಳ ಮಲಗಿದಲ್ಲಿಂದಲೇ.

ಅವಳನ್ನು ಕುಗ್ಗಿಸಿದ್ದು ಅಂಥ ಮಾತಲ್ಲ. ಸೆಲ್ವಂ ಮೇಷ್ಟ್ರು ಬಂದರು, ನೋಟ್‌ಬುಕ್ ಹಿಡಿದುಕೊಂಡು. ಅವರ ಮುಖ ಇಳಿದುಹೋಗಿತ್ತು.

"ಮಂಗಳಮ್ಮಾ, ಇನ್ಮೇಲೆ ಹೆಣ್ಣುಮಕ್ಕಳನ್ನ ಸೇರಿಸ್ಕೊಳಲ್ಲ ಮಾ. ಅವರ ಅಪ್ಪಅಮ್ಮಂದಿರು ಬಂದು ಗಲಾಟೆ ಮಾಡಿದರು. ಟೀಚರೇ ಸರಿಯಾಗಿ ಗಂಟು ಹಾಕ್ಕೊಳ್ಳಲಿಲ್ಲ, ಮಕ್ಕಳು ಏನು ಹಾಕ್ತಾವೆ ಅಂತಾರೆ."

"ನನ್ ಗಂಟು ಬಿಚ್ಕೊಳಲ್ಲ ಸಾರ್. ಅಗ್ಗ ನೋಡಿ."

"ನಿಮ್ಮಣ್ಣನೇ ನೋಡಿ ಸೈನ್ ಹಾಕವ್ನೆ ಮಾ. ಹಗ್ಗ ಸರಿಯಾಗಿತ್ತು."

ನನ್ನ ಸೈನ್ ತೋರಿಸಿದರು. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ, ದುಂಡಗೆ, ನನ್ನ ಹೆಸರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಆ ಅಕ್ಷರವನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಉಳಿದ ಹಗ್ಗವನ್ನು ನಾನು ಆಗಲೇ ಸುಟ್ಟುಹಾಕಿದ್ದೆ. ಅದು ಕಳ್ಳತನವಾಯಿತು ಎಂದು ಮೇಷ್ಟ್ರಿಗೆ ಹೇಳಿದ್ದೆ. ಊಟದ ಚೀಲದ ತುಂಡನ್ನು ಮಾತ್ರ ಸುಡಲಾಗದೆ ಹುಲ್ಲಿನ ಅಟ್ಟದಲ್ಲಿ ತುರುಕಿದ್ದೆ.

ಮರುದಿನದಿಂದ ಅವಳು ಕರುವಿನ ಹಗ್ಗ ತರಿಸಿಕೊಂಡಳು. ಮಂಚದ ಕಾಲಿಗೆ ಅದೇ ಗಂಟು ಹಾಕುವಳು, ಎಳೆಯುವಳು, ಬಿಚ್ಚುವಳು. ಕಣ್ಣು ಮುಚ್ಚಿ ಹಾಕುವಳು. ಜ್ವರದಲ್ಲೂ ಹಾಕುವಳು. ಒಂದು ಸಲವೂ ಜಾರಲಿಲ್ಲ. ವಾರ ಕಳೆದಂತೆ, ಜಾರದ ಗಂಟನ್ನೇ ಅವಳು ಅನುಮಾನದಿಂದ ನೋಡತೊಡಗಿದಳು. ಒಂದು ಮಧ್ಯಾಹ್ನ ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ಅಣ್ಣಾ, ನೀನು ಅತ್ರದಲ್ಲೇ ಇದ್ದೆ. ನಿಜ ಏಳು. ಅವತ್ತು ತಪ್ಪು ಗಂಟು ಆಕ್ಕೊಂಡ್ನಾ? ಆ ಎಂಟು ಉಡುಗೀರ್ನ ನಾನೇ ಓಡಿಸ್ದಂಗಾಯ್ತಾ?"

ಬೆನ್ನು ಮುರಿದಾಗಲೂ ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿರಲಿಲ್ಲ.

ಅಟ್ಟ ಹತ್ತಿ ಆ ತುಂಡನ್ನು ತಂದು ಅವಳ ಎದೆಯ ಮೇಲಿಟ್ಟೆ. ಅಮ್ಮ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಇಬ್ಬರಿಗೂ ಕೇಳುವಂತೆ ಎಲ್ಲವನ್ನೂ ಹೇಳಿದೆ. ರ‍್ಯಾಕ್, ಕಲೆ, ಸೈನ್, ಹೂಂ ಅಂದದ್ದು, ಸುಟ್ಟದ್ದು.

ಮಂಗಳ ತುಂಡನ್ನು ಮೂಸಿದಳು. "ನಿನ್ ಚಡ್ಡಿ ವಾಸ್ನೆ" ಅಂದಳು.

ಮಂಚದ ಕಾಲಿಗೆ ಅದನ್ನು ಸುತ್ತಿ ತನ್ನ ಗಂಟು ಹಾಕಿದಳು. ಎರಡೂ ಕೈಯಲ್ಲಿ ಎಳೆದಳು. ಕಲೆ ಇದ್ದಲ್ಲಿ ಹಗ್ಗ ಸದ್ದಿಲ್ಲದೆ ಹರಿಯಿತು. ಗಂಟು ಇದ್ದ ಹಾಗೇ ಇತ್ತು.

"ಬಿದ್ದು ಎಷ್ಟ್ ತಿಂಗ್ಳಾಯ್ತು?"

"ಏಳು."

"ಏಳು ತಿಂಗ್ಳು ನನ್ ಉಚ್ಚೆ ಚೆಲ್ದೆ. ಒಂದು ಮಾತು ಚೆಲ್ಲಕ್ಕಾಗ್ಲಿಲ್ವಾ?"

ಅಮ್ಮ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದಳು. ಆಮೇಲೆ ಅಕ್ಕಿಯ ಮೊರದ ಮುಂದೆ ಕೂತು ಗೊಳೋ ಎಂದು ಅತ್ತಳು. "ಓಗ್ಲಿ ಬುಡವ್ವ, ಬೇಕಂತ ಮಾಡಿಲ್ಲ, ಗಾಚಾರ" ಎಂದು ಕೊನೆಗೆ ಅವಳೇ ಸಮಾಧಾನ ಹೇಳಹೊರಟಾಗ ಮಂಗಳ ತಡೆದಳು.

"ಗಾಚಾರ ಅನ್ಬೇಡಮ್ಮ. ಗಾಚಾರ ಸೈನ್ ಆಕಲ್ಲ."

ಮುಂದಿನ ಭಾನುವಾರ ನಾನು ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋದೆ. ವೀಲ್‌ಚೇರಿಗೆ ಶೆಡ್ಡಿನ ಮೆಟ್ಟಿಲು ದಾಟಲಾಗಲಿಲ್ಲ, ಎತ್ತಿಕೊಂಡೆ. ಎಂಟು ಹುಡುಗಿಯರನ್ನೂ ಅವರ ಮನೆಯವರನ್ನೂ ಅವಳೇ ಹೇಳಿ ಕಳಿಸಿ ಸೇರಿಸಿದ್ದಳು. ಎಲ್ಲರೆದುರು ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಯಾರೋ "ಪಾಪ, ಗೊತ್ತಾಗದೆ ಆಗಿದ್ದು" ಅಂದರು. ಗೊತ್ತಿತ್ತು ಎಂದೆ. ಕರುಣೆ ತೋರಿಸಬೇಡಿ ಎಂದೆ. ನನಗೆ ಸಿಗುವ ಕರುಣೆಯಷ್ಟೂ ಅವಳ ಗಂಟಿನ ಮೇಲೆ ಅನುಮಾನವಾಗಿ ಕೂರುತ್ತದೆ, ಅದು ನನಗೆ ಬೇಡ. ಸೆಲ್ವಂ ಮೇಷ್ಟ್ರು ಬೈಯಲಿಲ್ಲ. ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ನನ್ನ ಸೈನನ್ನು ಹೊಡೆದು ಹಾಕಿದರು. ಅದರ ಕೆಳಗೆ, ನಾನು ಜೋತು ಬಿದ್ದೆನೇ ಎಂದು ತಾವೂ ತಿರುಗಿ ನೋಡಲಿಲ್ಲ ಎಂದು ತಮಿಳಿನಲ್ಲಿ ಬರೆದು, ತಮ್ಮ ಸೈನ್ ಹಾಕಿದರು.

ಹುಡುಗಿಯರಲ್ಲಿ ಐವರು ವಾಪಸು ಬಂದಿದ್ದಾರೆ. ಮೂವರ ಮನೆಯಲ್ಲಿ ಇನ್ನೂ ಒಪ್ಪಿಲ್ಲ.

ಅವಳು ಬಿದ್ದು ಈಗ ಒಂದೂವರೆ ವರ್ಷ. ಹುಣ್ಣು ಮಾಗಿದೆ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು, ಕಿಟಕಿಯ ಸರಳು ಹಿಡಿದು ಹತ್ತು ನಿಮಿಷ ನಿಲ್ಲುತ್ತಾಳೆ. ಕೆಲವು ದಿನ ಎಡಗಾಲಿನ ಹೆಬ್ಬೆರಳು ಅಲುಗುತ್ತದೆ, ಕೆಲವು ದಿನ ಇಲ್ಲ. ಡಾಕ್ಟರು ಏನೂ ಮಾತು ಕೊಟ್ಟಿಲ್ಲ, ನಾವೂ ಕೇಳುವುದಿಲ್ಲ. ಅವಳು ಶಾಲೆಗೆ ಹೋಗುತ್ತಾಳೆ. ಅಷ್ಟಕ್ಕೆ ನಾನು ಋಣಿ. ಯಾರಿಗೆ ಎಂದು ಗೊತ್ತಿಲ್ಲ.

ಹೊಸ ಹಗ್ಗ ಈಗ ನಮ್ಮ ನಡುಮನೆಯ ಗೂಟದಲ್ಲಿ ತೂಗುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಅವಳ ಮಡಿಲಿಗೆ ಇಡುತ್ತೇನೆ. ಮೊಳ ಮೊಳ ಬೆರಳಲ್ಲಿ ಹಾಯಿಸುತ್ತಾಳೆ. ಮುಗಿದ ಮೇಲೆ ಹಗ್ಗವನ್ನು ತೊಲೆಗೆ ಕಟ್ಟಿ ನಾನೂ ಪಕ್ಕದ ಮನೆಯವನೂ ಜೋತು ಬೀಳಬೇಕು. ಅವಳು ಸಾಕು ಅನ್ನುವವರೆಗೆ ಇಳಿಯುವಂತಿಲ್ಲ. ಸೈನ್ ಅವಳದು.

ಹೋದ ಭಾನುವಾರ ತಡೆಯಲಾಗದೆ ಕೇಳಿದೆ. "ಮಂಗಳಾ, ನನ್ನ ಮೇಲೆ ಇನ್ನೂ ಸಿಟ್ಟೈತಾ?"

ಅವಳ ಬೆರಳು ನಿಂತಿತು. ತಲೆ ಎತ್ತಲಿಲ್ಲ.

"ಅಗ್ಗ ನೋಡ್ವಾಗ ಮಾತಾಡಿಸ್ಬೇಡ ಅಣ್ಣಾ" ಅಂದಳು. ನಿಂತ ಜಾಗದಿಂದ ಒಂದು ಮೊಳ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿದಳು.